ಮೂಲೆ ಮಷೀನಿನ ಎಂಟು ಗೆರೆ

ಸೋಮವಾರ ಬೆಳಿಗ್ಗೆ ಚನ್ನಗಿರಿಯ ಅಡಿಕೆ ಮಂಡಿ ಹಿಂದಿನ ಸಾಲಂಗಡಿಗಳ ಮುಂದೆ ಕಸ ಗುಡಿಸುತ್ತಿದ್ದ ಕರಿಯಕ್ಕನಿಗೆ ಗೇಮಿಂಗ್ ಸೆಂಟರಿನ ಶಟರು ಮೊಳದಷ್ಟು ಎದ್ದಿರುವುದು ಕಂಡಿತು. ಒಳಗೆ ಫ್ಯಾನು ತಿರುಗುತ್ತಿತ್ತು. ಮಾಲೀಕ ಕಲ್ಲೇಶ್ ಇಷ್ಟು ಬೇಗ ಬರುವವನಲ್ಲ. ಕೂಗಿದಳು. ಉತ್ತರ ಬರಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ಬಗ್ಗಿ ನೋಡಿದಳು. ಎರಡು ಕುರ್ಚಿಗಳ ನಡುವೆ ಬರಿಗಾಲುಗಳು ಕಂಡವು.

ಸಬ್ ಇನ್ಸ್‌ಪೆಕ್ಟರ್ ಸಂಧ್ಯಾರಾಣಿ ಸಂತೇಬೆನ್ನೂರಿನ ಬಂದೋಬಸ್ತ್ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಬೂಟು ಬಿಚ್ಚಿ ಕಾಲು ಚಾಚಿದ್ದಳು. ಫೋನು ಬಂತು. ಮತ್ತೆ ಅದೇ ಬೂಟು ಹಾಕಿಕೊಂಡು ಹೊರಟಳು.

ಕಲ್ಲೇಶ್ ಬೋರಲು ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಬಲವಾದ ಏಟು. ಶಟರು ಎಳೆಯುವ ಕಬ್ಬಿಣದ ಕೊಕ್ಕೆ ಪಕ್ಕದಲ್ಲೇ ಇತ್ತು. ಯಾರೋ ಅದನ್ನು ಒರೆಸಿ ಇಟ್ಟಿದ್ದರು. ರಕ್ತ ಒಣಗಿತ್ತು. ಹತ್ತು ಕಂಪ್ಯೂಟರುಗಳಲ್ಲಿ ಒಂಬತ್ತು ಹಾಗೇ ಇದ್ದವು. ಕ್ಯಾಶ್ ಕೌಂಟರಿನ ಪಕ್ಕದ ಒಂದರ ಡಬ್ಬ ಮಾತ್ರ ಬಿಚ್ಚಿತ್ತು. ಒಳಗಿನ ಹಾರ್ಡ್ ಡಿಸ್ಕ್ ಇರಲಿಲ್ಲ. ಕಲ್ಲೇಶನ ಫೋನೂ ಇರಲಿಲ್ಲ. ಗಲ್ಲಾ ಮುಟ್ಟಿರಲಿಲ್ಲ.

"ಹಿಂದ್ಲ ಬಾಗ್ಲು ತೆಗ್ದೈತೆ ಮೇಡಂ" ಎಂದ ಹೆಡ್ ಕಾನ್‌ಸ್ಟೇಬಲ್ ಕೊಟ್ರೇಶ್. "ಬೋರ್‌ವೆಲ್ ಓಣಿ ಕಡೇದು. ಬೀಗ ಒಡೆದಿಲ್ಲ."

"ಗೊತ್ತಿರೋರೇ ಬಂದಾರೆ."

"ಹಂಗೇ ಕಾಣ್ತೈತೆ."

ಸಂಧ್ಯಾರಾಣಿ ಆಟವಾಡುವವರ ಕುರ್ಚಿಯೊಂದರ ಮೇಲೆ ಕೂತಳು. ಮೊಣಕಾಲು ನೋಯುತ್ತಿತ್ತು. ಕೂತಲ್ಲಿಂದಲೇ, ಒಂದು ಪಕ್ಕಕ್ಕೆ ಹೊರಳಿದ್ದ ಸತ್ತವನ ಮುಖ ನೋಡಿದಳು. ಮೂವತ್ತೈದರ ಆಸುಪಾಸು. ಗಡ್ಡ ಬೋಳಿಸಿ ಒಂದೆರಡು ದಿನ ಆಗಿರಬೇಕು. ಇಂಥ ಮುಖಗಳನ್ನು ನೋಡಿ ನೋಡಿ ಈಚೆಗೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ಸುಸ್ತಾಗುತ್ತಿತ್ತು.

ಭಾನುವಾರ ಸಂಜೆ ಏಳರಿಂದ ಒಂಬತ್ತರೊಳಗೆ ಸತ್ತಿರಬೇಕು ಎಂದರು ಸರ್ಕಾರಿ ಆಸ್ಪತ್ರೆಯ ಡಾಕ್ಟರು.

*

ಕಲ್ಲೇಶನ ಹೆಂಡತಿ ಮೇಘಶ್ರೀ ಅಳಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಗಂಡನಿಗೆ ಎರಡು ಸೆಂಟರುಗಳಿದ್ದವು. ಒಂದು ಇಲ್ಲಿ, ಒಂದು ನ್ಯಾಮತಿಯಲ್ಲಿ. ನ್ಯಾಮತಿಯದನ್ನು ಕಾಲೇಜು ಕಾಲದ ಸ್ನೇಹಿತ ಪ್ರವೀಣ್ ಕುಮಾರ್ ನೋಡಿಕೊಳ್ಳುತ್ತಿದ್ದ. ಬರುವ ವಾರ ಹೊನ್ನಾಳಿಯಲ್ಲಿ ದೊಡ್ಡ ಟೂರ್ನಮೆಂಟ್ ಇತ್ತು. ಎರಡೂ ಸೆಂಟರಿನ ಮಷೀನುಗಳನ್ನು ಅಲ್ಲಿಗೆ ಒಯ್ಯಬೇಕಿತ್ತು. ಅದಕ್ಕೆ ಭಾನುವಾರ ಅಂಗಡಿ ಮುಚ್ಚಿ ಒಬ್ಬನೇ ಕೆಲಸ ಮಾಡುತ್ತಿದ್ದ.

"ರಾತ್ರಿ ಮನೆಗೆ ಬರದೇ ಇದ್ರೆ ನೀವು ಹುಡುಕ್ಲಿಲ್ವಾ?"

"ಇಂಥ ಕೆಲ್ಸ ಇದ್ದಾಗ ಅಲ್ಲೇ ಮಲಗ್ತಿದ್ರು ಮೇಡಂ. ಫೋನ್ ಮಾಡ್ದೆ. ಸ್ವಿಚ್ ಆಫ್ ಬಂತು. ಚಾರ್ಜ್ ಹೋಗಿರ್ಬೇಕು ಅನ್ಕೊಂಡೆ."

"ಯಾರ ಜೊತೆಗಾದ್ರೂ ಜಗಳ?"

"ನವಾಜ್ ಅಂತ ಒಬ್ಬ ಐದಾನೆ. ಗುರುವಾರ ಅಂಗಡಿ ಮುಂದೆ ಕೂಗಾಡಿದ್ನಂತೆ. ಅವ್ರು ಹೇಳ್ಕೊಂಡಿದ್ರು. ಆದ್ರೆ ಅವ್ನು ಅಂಥೋನಲ್ಲ."

ಮಿಕ್ಕವರು ಹಾಗೆ ಹೇಳಲಿಲ್ಲ. ಗುರುವಾರ ಆ ಸಾಲಿನ ಅಂಗಡಿಯವರೆಲ್ಲ ಜಗಳ ಕೇಳಿಸಿಕೊಂಡಿದ್ದರು. ನವಾಜ್ ಬಿಸಿಎ ಕೊನೆಯ ವರ್ಷದವನು. ಚನ್ನಗಿರಿ ತಂಡದ ನಾಯಕ. ಅವನ ತಂದೆ ಖಾಜಾಸಾಬ್‌ಗೆ ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ರಿಪೇರಿ ಅಂಗಡಿ. ಗುರುವಾರದ ಅಭ್ಯಾಸ ಪಂದ್ಯದಲ್ಲಿ ಆಟ ನಡುವೆ ತಡೆದು ತಡೆದು ನಿಂತು ತಂಡ ಸೋತಿತ್ತು. "ನಿನ್ನ ಡಬ್ಬಾ ಮಷೀನಿಂದ ನಮ್ಮ ಮಾನ ಹೋಯ್ತು" ಎಂದು ನವಾಜ್ ಕುರ್ಚಿ ಒದ್ದಿದ್ದ. ಕಲ್ಲೇಶ್ ಅವನನ್ನು ಹೊರಗೆ ಹಾಕಿದ್ದ.

ಎದುರಿನ ಸ್ವೀಟ್ ಅಂಗಡಿಯ ಕ್ಯಾಮೆರಾದಲ್ಲಿ ಇನ್ನೂ ಒಂದು ಸಿಕ್ಕಿತು. ಭಾನುವಾರ ಮುಸ್ಸಂಜೆ ನವಾಜ್ ಗೇಮಿಂಗ್ ಸೆಂಟರಿಗೆ ಹೋಗಿದ್ದ. ಸ್ವಲ್ಪ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿ ಹೊರಗೆ ಬಂದಿದ್ದ. ಆಮೇಲೆ ಕರೆಂಟು ಹೋಗಿ ಕ್ಯಾಮೆರಾ ಕುರುಡಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ನವಾಜ್ ಸ್ಟೇಷನ್ನಿನಲ್ಲಿದ್ದ. ಅವನ ಮನೆಯಲ್ಲಿ ಕಲ್ಲೇಶನ ಅಂಗಡಿಯ ಹೆಡ್‌ಫೋನು ಸಿಕ್ಕಿತ್ತು.

"ಕಲ್ಲೇಶಣ್ಣಾನೇ ಕೊಟ್ಟಿದ್ದು ಮೇಡಂ. ರಾಜಿ ಆಗಿದ್ವಿ. ಟೂರ್ನಮೆಂಟಿಗೆ ಹಾಕ್ಕೋ ಅಂದ್ರು."

"ಯಾರು ನೋಡಿದ್ರು?"

"ಯಾರೂ ಇರ್ಲಿಲ್ರಿ."

"ಹಾರ್ಡ್ ಡಿಸ್ಕ್ ಎಲ್ಲಿ?"

"ಯಾವ ಹಾರ್ಡ್ ಡಿಸ್ಕ್?"

ಕೊಟ್ರೇಶ್ ಅವನ ಫೋನು ಕಸಿದು ಲಕೋಟೆಗೆ ಹಾಕಿ ಡ್ರಾಯರಿನಲ್ಲಿಟ್ಟ. ಹೊರಗೆ ಬೆಂಚಿನ ಮೇಲೆ ಖಾಜಾಸಾಬ್ ಕೂತಿದ್ದರು. ಕೈಗೆ ಮೆತ್ತಿದ ಗ್ರೀಸು ಒರೆಸಿಕೊಂಡೂ ಬಂದಿರಲಿಲ್ಲ. ಡಿವೈಎಸ್‌ಪಿ ಆಫೀಸಿನಿಂದ ಫೋನು ಬಂತು. ಆರೋಪಿ ಸಿಕ್ಕನಂತೆ, ಇನ್ನು ಯಾಕೆ ತಡ ಎಂದು ಕೇಳಿದರು.

"ನಾಳೆ ಹೇಳ್ತೀನಿ ಸರ್" ಎಂದಳು ಸಂಧ್ಯಾರಾಣಿ.

ಜೋರಾಗಿ ಜಗಳವಾಡಿದವರು ಕೊಲೆ ಮಾಡಿದ್ದನ್ನು ಅವಳು ಕಂಡಿದ್ದಳು. ಮಾಡದೇ ಇದ್ದದ್ದನ್ನೂ ಕಂಡಿದ್ದಳು. ಹೆಡ್‌ಫೋನು ಕದಿಯುವವನು ಹಾರ್ಡ್ ಡಿಸ್ಕ್ ಯಾಕೆ ಬಿಚ್ಚುತ್ತಾನೆ? ಬಿಚ್ಚಿದರೂ ಹತ್ತರಲ್ಲಿ ಅದೊಂದನ್ನೇ ಯಾಕೆ?

*

ಕಲ್ಲೇಶನಿಗೆ ಬಂದುಹೋದ ಕರೆಗಳಲ್ಲಿ ಮನೆಯವರದು, ನೆಂಟರದು ಬಿಟ್ಟರೆ ಹೆಚ್ಚಿನವು ಪ್ರವೀಣನವು. ಮಂಗಳವಾರ ಬೆಳಿಗ್ಗೆ ಜೀಪು ಹೊನ್ನಾಳಿ ದಾಟಿ ನ್ಯಾಮತಿಗೆ ಹೋಯಿತು. ಸಂಧ್ಯಾರಾಣಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬರಲಿಲ್ಲ.

ಪ್ರವೀಣ್ ಕುಮಾರನ ಕಣ್ಣುಗಳು ಕೆಂಪಾಗಿದ್ದವು. ತಾನೇ ಕುರ್ಚಿ ತಂದು ಹಾಕಿದ. ಆರು ಮಷೀನುಗಳ ಸಣ್ಣ ಸೆಂಟರು. ಮುಂಭಾಗದಲ್ಲಿ ಮೊಬೈಲ್ ರಿಪೇರಿಯ ಗಾಜಿನ ಕೌಂಟರು. ಅದರ ಹಿಂದೆ ಮಸರತ್ ಎಂಬ ಹುಡುಗಿ ನಿಂತಿದ್ದಳು. ಎರಡು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದಳು.

"ಕಲ್ಲೇಶ್ ನಂಗೆ ಅಣ್ಣ ಇದ್ದಂಗೆ ಮೇಡಂ" ಎಂದ ಪ್ರವೀಣ್. "ಮಣ್ಣಿಗೆ ಹೋಗಿ ಈಗ ವಾಪಸ್ ಬಂದೆ. ಯಾಕೋ ಕೈಕಾಲೇ ಆಡ್ತಿಲ್ಲ."

"ಕೊನೇ ಸಲ ಯಾವಾಗ ಮಾತಾಡಿದ್ರಿ?"

"ಭಾನುವಾರ ಮಧ್ಯಾಹ್ನ ಫೋನ್‌ನಾಗೆ. ಟೂರ್ನಮೆಂಟ್ ವಿಷ್ಯ."

"ಸಂಜೆ ಎಲ್ಲಿದ್ರಿ?"

"ಇಲ್ಲೇ. ಲೈವ್ ಆಡ್ತಿದ್ದೆ. ನಂದೊಂದು ಚಾನೆಲ್ ಐತೆ. ಆರು ಗಂಟೆಗೆ ಶುರು ಮಾಡಿದ್ದು ಒಂಬತ್ತರ ತನಕ ಆಡೀನಿ. ಇನ್ನೂರು ಮುನ್ನೂರು ಜನ ನೋಡ್ಯಾರೆ. ಬೇಕಾದ್ರೆ ನೋಡ್ರಿ."

ಅವನು ಫೋನು ಮುಂದೆ ಹಿಡಿದ. ಭಾನುವಾರ ಸಂಜೆಯ ನೇರಪ್ರಸಾರ ಹಾಗೇ ಉಳಿದಿತ್ತು. ತೆರೆಯ ತುಂಬ ಗುಂಡು ಹಾರಿಸುವ ಆಟ. ಬಲಗಡೆ ಕೆಳಗೆ ಸಣ್ಣ ಚೌಕದಲ್ಲಿ ಪ್ರವೀಣನ ಮುಖ. ಎಡಗಡೆ ಮೇಲೆ ಒಂದಷ್ಟು ಹಸಿರು ಗೆರೆಗಳು ಏರಿಳಿಯುತ್ತಿದ್ದವು. ಆಟ ನಡುನಡುವೆ ಒಂದು ಕ್ಷಣ ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು.

"ಈ ಗೆರೆ ಏನು?"

"ಪ್ರೊಸೆಸರ್ ಎಷ್ಟು ಕೆಲ್ಸ ಮಾಡ್ತೈತೆ ಅಂತ ತೋರ್ಸೋದು ಮೇಡಂ. ಆಟ ನೋಡೋ ಹುಡುಗ್ರು ಕೇಳ್ತಾರೆ. ಯಾವಾಗ್ಲೂ ಹಾಕಿರ್ತೀನಿ."

"ಯಾರ ಜೊತೆ ಆಡ್ತಿದ್ರಿ?"

"ಕಂಪ್ಯೂಟರ್ ಜೊತೇಲೇ. ಪ್ರಾಕ್ಟೀಸು."

"ಜನ ಏನೇನೋ ಕೇಳ್ಯಾರೆ. ನೀವು ಯಾರಿಗೂ ಉತ್ತರ ಕೊಟ್ಟಿಲ್ಲ."

"ಪ್ರಾಕ್ಟೀಸ್ ಟೈಮಲ್ಲಿ ಯಾರ್ಗೂ ಕೊಡಲ್ಲ."

"ಯಾವ ಮಷೀನು?"

"ಅದೇ, ಮೂಲೇದು. ಲೈವ್ ಮಾಡಾಕೆ ಕ್ಯಾಮೆರಾ, ಮೈಕು ಎಲ್ಲಾ ಅದೊಂದಕ್ಕೇ ಇರೋದು. ಬೇರೇದ್ರಲ್ಲಿ ಆಡಾಕೆ ಬರಲ್ಲ."

ಕೊಟ್ರೇಶ್ ಅದನ್ನೆಲ್ಲ ಬರೆದುಕೊಂಡು ಓದಿ ಹೇಳಿದ. ಪ್ರವೀಣ್ ಸಹಿ ಹಾಕಿದ. ಶನಿವಾರ ಜಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದೆ, ಭಾನುವಾರ ಬೆಳಿಗ್ಗೆ ಬಂದೆ ಎಂದೂ ಬರೆಸಿದ.

ಹೊರಡುವಾಗ ಸಂಧ್ಯಾರಾಣಿ ಕೌಂಟರಿನ ಹತ್ತಿರ ನಿಂತಳು. "ಭಾನುವಾರ ಸಂಜೆ ನೀನಿದ್ದೇನಮ್ಮ?"

"ಇಲ್ರಿ. ಐದಕ್ಕೇ ಕಳಿಸಿಬಿಟ್ರು" ಎಂದಳು ಮಸರತ್. "ಶನಿವಾರ ಕಲ್ಲೇಶಣ್ಣ ಬಂದಿದ್ರು. ಎಲ್ಲಾ ಮಷೀನ್‌ದೂ ಏನೋ ಸೆಟ್ಟಿಂಗ್ ಮಾಡಿ ಹೋದ್ರು." ಇನ್ನೇನೋ ಹೇಳಲು ಬಾಯಿ ತೆರೆದವಳು ಪ್ರವೀಣನ ಕಡೆ ನೋಡಿ ಕೌಂಟರಿನ ಗಾಜು ಒರೆಸತೊಡಗಿದಳು.

ಜೀಪಿನಲ್ಲಿ ಕೊಟ್ರೇಶ್ ಎಂದ, "ಮುನ್ನೂರು ಜನ ಸಾಕ್ಷಿ. ಇವ್ನಲ್ಲ ಬಿಡ್ರಿ."

ಸಂಧ್ಯಾರಾಣಿ ತನ್ನ ಫೋನಿನಲ್ಲಿ ಪ್ರವೀಣನ ಚಾನೆಲ್ ಹುಡುಕತೊಡಗಿದಳು.

*

ಚನ್ನಗಿರಿ ಸ್ಟೇಷನ್ನಿನಲ್ಲಿ ನವಾಜನಿಗೆ ಊಟ ತರಿಸಿಟ್ಟಿದ್ದರು. ಅವನು ಮುಟ್ಟಿರಲಿಲ್ಲ. ಸಂಧ್ಯಾರಾಣಿ ಎದುರಿಗೆ ಕೂತಳು.

"ಗುರುವಾರ ಜಗಳ ಯಾಕಾಯ್ತು? ಸರಿಯಾಗಿ ಹೇಳು. ನಂಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ. ಅರ್ಥ ಆಗೋ ಹಂಗೆ ಹೇಳು."

"ಆಟ ಜರ್ಕ್ ಹೊಡೀತಿತ್ತು ಮೇಡಂ. ಎದುರಿನೋನು ಕಾಣ್ತಾನೆ, ಗುಂಡು ಹೊಡೀಬೇಕು ಅನ್ನೋದ್ರಾಗೆ ತೆರೆ ನಿಂತುಬಿಡುತ್ತೆ. ಕಣ್ಣು ಮಿಟುಕಿಸೋವಷ್ಟೇ. ಅಷ್ಟರಾಗೆ ನಾವು ಸತ್ತಿರ್ತೀವಿ."

"ಮಷೀನು ಹಳೇದಾ?"

"ಹಳೇದೇ, ಆದ್ರೆ ಕೆಟ್ಟದ್ದಲ್ಲ. ಹೈಪರ್‌ಥ್ರೆಡಿಂಗ್ ಆನ್ ಇತ್ತು. ಅದ್ರಿಂದ ಇರ್ಬೇಕು ಅಂತ ನಾನು ಹೇಳ್ದೆ. ಕಲ್ಲೇಶಣ್ಣ ಒಪ್ಪಲಿಲ್ಲ. ಅಲ್ಲಿಂದ ಮಾತು ಬೆಳೀತು."

"ಹಂಗಂದ್ರೆ ಏನು?"

ನವಾಜ್ ಸ್ವಲ್ಪ ಯೋಚಿಸಿದ. "ಮದುವೆ ಊಟದಾಗೆ ಬಡಿಸೋರು ನಾಲ್ಕು ಜನ ಅನ್ಕೊಳ್ರಿ. ಪ್ರೊಸೆಸರ್‌ನಾಗೆ ಇರೋ ನಾಲ್ಕು ಕೋರ್ ಅವೇ. ಒಬ್ಬೊಬ್ಬನಿಗೆ ಎರಡೆರಡು ಸಾಲು ಕೊಟ್ರೆ ಎಂಟು ಸಾಲು. ಒಂದು ಸಾಲು ಉಣ್ಣೋವಾಗ ಇನ್ನೊಂದಕ್ಕೆ ಬಡಿಸ್ತಾನೆ. ಖಾಲಿ ನಿಲ್ಲಲ್ಲ. ಅದೇ ಹೈಪರ್‌ಥ್ರೆಡಿಂಗ್. ಇರೋದು ನಾಲ್ಕೇ, ಆದ್ರೆ ಕಂಪ್ಯೂಟರಿಗೆ ಎಂಟು ಕಾಣ್ತಾವೆ."

"ಒಳ್ಳೇದೇ ಅಲ್ವಾ?"

"ಬಹಳ ಕೆಲ್ಸಕ್ಕೆ ಒಳ್ಳೇದೇ. ಆದ್ರೆ ಎರಡೂ ಸಾಲು ಒಂದೇ ಸಲಕ್ಕೆ ಸಾರು ಕೇಳಿದ್ರೆ? ಒಂದು ಸಾಲು ಕಾಯ್ಲೇಬೇಕು. ನಾವಾಡೋ ಆಟದಾಗೆ ಭಾರದ ಕೆಲ್ಸ ಎರಡು ಅದಾವೆ. ಎರಡೂ ಒಬ್ಬನ ಕೈಗೇ ಬಿದ್ರೆ ಜರ್ಕು. ಪಕ್ಕದಾಗೆ ಇನ್ನೊಬ್ಬ ಖಾಲಿ ನಿಂತಿರ್ತಾನೆ, ಆದ್ರೂ."

"ಆಫ್ ಮಾಡಿದ್ರೆ ಎಲ್ಲಾ ಆಟಾನೂ ಚೆನ್ನಾಗ್ ಆಗ್ತಾವಾ?"

"ಇಲ್ರಿ. ಈಗಿನ ಆಟ ಎಷ್ಟೋ ಎಂಟೂ ಬೇಕು ಅಂತಾವೆ. ಆಫ್ ಮಾಡಿದ್ರೆ ಕುಂಟ್ತಾವೆ. ನಮ್ಮದು ಹಳೇ ಆಟ. ಆಫ್ ಮಾಡಿದ್ರೆ ಸರಾಸರಿ ವೇಗ ಏನೂ ಹೆಚ್ಚಲ್ಲ, ಆದ್ರೆ ಜರ್ಕು ಹೋಗ್ತೈತೆ. ಕಲ್ಲೇಶಣ್ಣ ಆಮೇಲೆ ತಾನೇ ಮಾಡಿ ನೋಡಿದ್ರು. ನೀನು ಹೇಳಿದ್ದೇ ಸರಿ ಅಂತ ಶನಿವಾರ ವಾಯ್ಸ್ ಮೆಸೇಜ್ ಹಾಕಿದ್ರು. ಅದಕ್ಕೇ ಭಾನುವಾರ ಹೋಗಿದ್ದು ನಾನು."

"ಮೆಸೇಜ್ ಎಲ್ಲೈತೆ?"

"ನನ್ನ ಫೋನ್‌ನಾಗೆ. ನಿನ್ನೇನೇ ತಗೊಂಡ್ರಲ್ಲ."

ಸಂಧ್ಯಾರಾಣಿ ಕೊಟ್ರೇಶನ ಕಡೆ ತಿರುಗಿದಳು. ಕೊಟ್ರೇಶ್ ಡ್ರಾಯರು ತೆಗೆದ.

ಸತ್ತವನ ದನಿ ದಣಿದಂತಿತ್ತು. ಹಿಂದೆ ಎಲ್ಲೋ ಬಸ್ಸಿನ ಹಾರ್ನು ಕೇಳುತ್ತಿತ್ತು.

"ನವಾಜ್, ನೀನು ಹೇಳಿದ್ದೇ ಸರಿ ಕಣೋ. ನಮ್ಮ ಹತ್ತೂ ಆಫ್ ಮಾಡಿದೆ, ಜರ್ಕ್ ಹೋಯ್ತು. ಈಗ ನ್ಯಾಮತೀಲಿದೀನಿ. ಇಲ್ಲಿನ ಆರಕ್ಕೂ ಆಫ್ ಮಾಡೀನಿ. ಹುಡುಗ್ರು ಬೆರಳಾಡಿಸಬಾರ್ದು ಅಂತ ಪಾಸ್‌ವರ್ಡ್ ಹಾಕೀನಿ, ಯಾರ್ಗೂ ಹೇಳಲ್ಲ. ಎಂಟಿದ್ದಿದ್ದು ನಾಲ್ಕೇ ತೋರಿಸ್ತೈತೆ, ಮಷೀನ್ ಕೆಟ್ಟೈತೆ ಅಂತ ಮತ್ತೆ ಕೂಗಾಡಬೇಡ. ನಾಳೆ ಸಂಜೆ ಬಾ, ಒಳ್ಳೇ ಹೆಡ್‌ಫೋನ್ ಕೊಡ್ತೀನಿ. ಮೂಲೇದೊಂದು ಇನ್ನೂ ಯಾಕೋ ಎಳೀತೈತೆ. ಏನು ಅಂತ ನೋಡ್ತೀನಿ."

ಸಂಧ್ಯಾರಾಣಿ ಅದನ್ನು ಮೂರು ಸಲ ಕೇಳಿದಳು. ಆಮೇಲೆ ತನ್ನ ಫೋನಿನಲ್ಲಿ ಪ್ರವೀಣನ ಭಾನುವಾರದ ನೇರಪ್ರಸಾರ ತೆಗೆದು ಒಂದು ಕಡೆ ನಿಲ್ಲಿಸಿದಳು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಎಡ ಮೂಲೆಯ ಹಸಿರು ಗೆರೆಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿದಳು.

ಎಂಟು.

"ಕೊಟ್ರೇಶಣ್ಣ" ಎಂದಳು. "ಇವ್ರಪ್ಪನ್ನ ಒಳಗೆ ಕರೀರಿ. ಹುಡುಗನ್ನ ಕರ್ಕೊಂಡು ಹೋಗ್ಲಿ. ಆಮೇಲೆ ಸಾಸ್ವೆಹಳ್ಳಿ ದಾರಿನಾಗೆ ಪೆಟ್ರೋಲ್ ಬಂಕ್ ಯಾವಾವು ಅದಾವೆ ನೋಡ್ರಿ. ಹೊನ್ನಾಳಿ ಸರ್ಕಲ್ ಕ್ಯಾಮೆರಾ ತಪ್ಪಿಸಬೇಕು ಅನ್ನೋನು ಆ ದಾರೀಲೇ ಬರೋದು."

*

ಬುಧವಾರ ಮಧ್ಯಾಹ್ನ ಮತ್ತೆ ನ್ಯಾಮತಿ. ಈ ಸಲ ಇಬ್ಬರು ಪಂಚರು ಜೊತೆಗಿದ್ದರು, ಪಕ್ಕದ ಔಷಧಿ ಅಂಗಡಿಯವರು ಮತ್ತು ಪಂಚಾಯಿತಿಯ ಗುಮಾಸ್ತರು. ಮಸರತ್ ಕೌಂಟರಿನ ಹಿಂದೆ ಗೋಡೆಗೆ ಒತ್ತಿ ನಿಂತಿದ್ದಳು.

"ಮೂಲೆ ಮಷೀನ್ ಆನ್ ಮಾಡ್ರಿ" ಎಂದಳು ಸಂಧ್ಯಾರಾಣಿ. "ಭಾನುವಾರ ಆಡಿದ ಆಟ ಹಾಕ್ರಿ. ಗೆರೆ ಸಮೇತ."

ಪ್ರವೀಣ್ ಹಾಕಿದ. ಆಟ ಎಲ್ಲೂ ತಡೆಯದೆ ನೀರಿನಂತೆ ಓಡಿತು. ಎಡ ಮೂಲೆಯಲ್ಲಿ ಹಸಿರು ಗೆರೆಗಳು ಎದ್ದವು.

"ಎಷ್ಟದಾವೆ? ಎಣಿಸಿ ಹೇಳ್ರಿ."

ಗುಮಾಸ್ತರು ಕನ್ನಡಕ ಏರಿಸಿಕೊಂಡು ಬಗ್ಗಿದರು. "ನಾಲ್ಕು."

ಪ್ರವೀಣ್ ತೆರೆ ನೋಡಿದ. ಅವನ ಕೈ ಮೌಸಿನ ಮೇಲೇ ನಿಂತಿತು.

"ಭಾನುವಾರ ಲೈವ್‌ನಾಗೆ ಎಂಟಿದ್ವು" ಎಂದಳು ಸಂಧ್ಯಾರಾಣಿ.

"ಅದು... ನಾನೇ ಸೋಮವಾರ ಆಫ್ ಮಾಡ್ದೆ ಮೇಡಂ. ಹೈಪರ್‌ಥ್ರೆಡಿಂಗು. ಜರ್ಕ್ ಬರ್ತಿತ್ತು ಅಂತ."

"ಸರಿ. ಈಗ ಆನ್ ಮಾಡಿ ತೋರಿಸ್ರಿ."

ಅವನು ಮಷೀನು ಆರಿಸಿ ಮತ್ತೆ ಹಚ್ಚಿದ. ಒಂದು ಗುಂಡಿ ಒತ್ತಿ ಹಿಡಿದ. ಕಪ್ಪು ತೆರೆಯ ನಡುವೆ ಒಂದು ಚೌಕ ಬಂತು. ಅದು ಪಾಸ್‌ವರ್ಡ್ ಕೇಳುತ್ತಿತ್ತು. ಪ್ರವೀಣ್ ಏನೋ ಒತ್ತಿದ. ಆಗಲಿಲ್ಲ. ಬೇರೇನೋ ಒತ್ತಿದ. ಆಗಲಿಲ್ಲ.

"ಮರೆತೋಯ್ತು."

"ನಿಮಗೆ ಗೊತ್ತೇ ಇರ್ಲಿಲ್ಲ."

ಕೌಂಟರಿನ ಹಿಂದಿನಿಂದ ದನಿ ಬಂತು. ತುಂಬ ಸಣ್ಣ ದನಿ. "ಅದು ಕಲ್ಲೇಶಣ್ಣ ಶನಿವಾರ ಹಾಕಿದ್ದು. ನಾನು ಇಲ್ಲೇ ಇದ್ದೆ."

ಸಂಧ್ಯಾರಾಣಿ ಕುರ್ಚಿ ಎಳೆದುಕೊಂಡು ಪ್ರವೀಣನ ಎದುರು ಕೂತಳು. ನಿಂತು ಗದರಿಸುವಷ್ಟು ಕಸುವು ಅವಳಲ್ಲಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

"ಕೇಳು" ಎಂದಳು. ಈಗ ಅವಳ ಮಾತಿನಲ್ಲಿ ಬಹುವಚನ ಇರಲಿಲ್ಲ. "ಶನಿವಾರ ನೀನು ಜಗಳೂರಲ್ಲಿದ್ದೆ. ಕಲ್ಲೇಶ್ ಬಂದು ಆರೂ ಮಷೀನು ನಾಲ್ಕಕ್ಕೆ ಇಳಿಸಿ ಪಾಸ್‌ವರ್ಡ್ ಹಾಕಿ ಹೋದ. ಅವನ ದನೀಲೇ ಐತೆ. ಅದನ್ನ ಬದಲಿಸಾಕೆ ಅವನೊಬ್ಬನಿಗೇ ಬರ್ತಿತ್ತು. ಅವನು ಈಗಿಲ್ಲ. ಅಂದ್ಮೇಲೆ ಶನಿವಾರದಿಂದ ಇವತ್ತಿನ ತನಕ ಈ ಮಷೀನು ಎಂಟು ಗೆರೆ ತೋರಿಸಾಕೆ ಸಾಧ್ಯವೇ ಇಲ್ಲ. ಭಾನುವಾರ ಜನ ನೋಡಿದ್ದು ಅದಕ್ಕೂ ಹಿಂದೆ ಆಡಿದ ಆಟ. ರೆಕಾರ್ಡ್ ಮಾಡಿ ಇಟ್ಕೊಂಡಿದ್ದೆ. ಅದನ್ನೇ ಲೈವ್ ಅಂತ ಬಿಟ್ಟು, ಶಟರ್ ಎಳೆದು, ಬೈಕ್ ಹತ್ತಿದೆ. ಜರ್ಕೂ ಹಳೇದೇ. ಈಗ ನೀನೇ ನೋಡಿದೆಯಲ್ಲ, ಆಟ ಎಲ್ಲೂ ನಿಲ್ಲಲಿಲ್ಲ."

"ಬೇರೆ ಮಷೀನಲ್ಲಿ ಆಡಿರ್ಬೋದು."

"ಬೇರೇದ್ರಲ್ಲಿ ಆಡಾಕೆ ಬರಲ್ಲ ಅಂತ ನೀನೇ ಸಹಿ ಹಾಕೀಯ. ಉಳಿದ ಐದೂ ಈಗ್ಲೇ ಹಚ್ಚಿ ನೋಡೋಣ. ಅವೂ ನಾಲ್ಕೇ ತೋರಿಸ್ತಾವೆ."

ಪ್ರವೀಣ್ ಕೀಬೋರ್ಡನ್ನು ಆಚೆಗೆ ತಳ್ಳಿದ.

ಕೊಟ್ರೇಶ್ ತನ್ನ ಫೋನು ತೋರಿಸಿದ. ಸಾಸ್ವೆಹಳ್ಳಿ ದಾರಿಯ ಬಂಕಿನ ಕ್ಯಾಮೆರಾ. ಭಾನುವಾರ ಆರೂವರೆ ದಾಟಿತ್ತು. ಹೆಲ್ಮೆಟ್ ಹಾಕಿದ ಒಬ್ಬ ಪೆಟ್ರೋಲು ಹಾಕಿಸುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಬೈಕಿನ ನಂಬರು ಕಾಣುತ್ತಿತ್ತು, ಅದು ಪ್ರವೀಣನದು.

"ಯಾಕೆ ಕೊಂದೆ?"

ಮಸರತ್ ಮುಂದೆ ಬಂದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು.

"ಶನಿವಾರ ಮೂಲೇದು ಮಾತ್ರ ಸರಿ ಹೋಗ್ಲಿಲ್ರಿ. ಆಟ ಇನ್ನೂ ಎಳೀತಿತ್ತು. ಹಿಂದೆ ಇನ್ನೇನೋ ಓಡ್ತೈತೆ, ಪ್ರೊಸೆಸರ್ ತಿಂತೈತೆ ಅಂತ ಕಲ್ಲೇಶಣ್ಣ ಹುಡುಕ್ತಾ ಕೂತ್ರು. ಆಮೇಲೆ ಅವ್ರ ಮುಖ ಒಂಥರಾ ಆಗೋಯ್ತು. ಅದನ್ನ ನಿಲ್ಲಿಸಿದ್ರು. ಒಂದು ಡಿಸ್ಕಿಗೆ ಏನೋ ಕಾಪಿ ಮಾಡ್ಕೊಂಡ್ರು. ಹೋಗೋವಾಗ, ನಾಳೆಯಿಂದ ಇಲ್ಲಿಗೆ ಬರಬೇಡಮ್ಮ, ನಿಂಗೆ ಬೇರೆ ಕೆಲ್ಸ ಕೊಡಿಸ್ತೀನಿ ಅಂದ್ರು."

"ಏನಿತ್ತು ಅದ್ರಲ್ಲಿ?"

"ನಾನು ನೋಡಿಲ್ರಿ." ಮೂಲೆಯ ಕಡೆ ಕೈ ತೋರಿಸಿದಳು. "ರಿಪೇರಿಗೆ ಹೆಣ್ಮಕ್ಕಳ ಫೋನ್ ಬಂದ್ರೆ ಇವ್ರು ಆ ಮಷೀನಿಗೆ ಹಚ್ತಿದ್ರು. ನಂದೂ ಒಂದ್ಸಲ ಇಲ್ಲೇ ರಿಪೇರಿ ಆಗೈತೆ. ಅದಕ್ಕೇ ಬಾಯಿ ಬಿಡಾಕೆ ಹೆದರಿಕೆ ಆಯ್ತು."

ಗಾಜಿನ ಕೌಂಟರಿನ ಮೇಲೆ ರಿಪೇರಿಗೆ ಬಂದ ಫೋನುಗಳು ಸಾಲಾಗಿದ್ದವು. ಔಷಧಿ ಅಂಗಡಿಯವರು ಅವುಗಳ ಕಡೆ ನೋಡಿ ಮುಖ ತಿರುಗಿಸಿಕೊಂಡರು.

ಆಮೇಲೆ ಪ್ರವೀಣ್ ಹೇಳಿದ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಿಲ್ಲ. ಫೋನುಗಳಿಂದ ಚಿತ್ರ, ವಿಡಿಯೋ ತೆಗೆದಿಟ್ಟುಕೊಳ್ಳುತ್ತಿದ್ದ. ಆ ವಿಡಿಯೋಗಳ ಗಾತ್ರ ಇಳಿಸುವ ಕೆಲಸ ಮೂಲೆ ಮಷೀನಿನಲ್ಲಿ ಹಗಲೂ ನಡೆಯುತ್ತಿತ್ತು. ಕೆಲವರನ್ನು ಹೆದರಿಸಿ ಹೇಳಿದ ಕಡೆ ಬರಹೇಳುತ್ತಿದ್ದ. ಶನಿವಾರ ಜಗಳೂರಿಗೆ ಹೋಗಿದ್ದೂ ಅದಕ್ಕೇ. ಭಾನುವಾರ ಕಲ್ಲೇಶ್ ಫೋನು ಮಾಡಿ, ನೀನೇ ಹೋಗಿ ಒಪ್ಪಿಕೋ, ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ನಾನೇ ಸ್ಟೇಷನ್ನಿಗೆ ಹೋಗುತ್ತೇನೆ ಎಂದಿದ್ದ. ಪ್ರವೀಣ್ ಹಿಂದಿನ ಓಣಿಯಿಂದ ಹೋಗಿ ಬಾಗಿಲು ತಟ್ಟಿದ. ಮಾತಾಡೋಣ ಎಂದ. ಕಲ್ಲೇಶ್ ಬಾಗಿಲು ತೆಗೆದ.

"ಅವ್ನು ಆ ಕಡೆ ತಿರುಗಿದ್ದ" ಎಂದ ಪ್ರವೀಣ್. "ಟೀ ತರ್ಸಾಕೆ ಶಟರ್ ಎತ್ತಾಕೆ ಹೋದ."

ಡಿಸ್ಕನ್ನು ಕಲ್ಲೇಶ್ ಕೌಂಟರಿನ ಮಷೀನಿಗೆ ಹಾಕಿಟ್ಟಿದ್ದ. ಅದನ್ನೂ ಫೋನನ್ನೂ ವಾಪಸು ಬರುವಾಗ ತುಂಗಭದ್ರೆಗೆ ಎಸೆದಿದ್ದ. ಮೂಲೆ ಮಷೀನಿನಲ್ಲಿದ್ದದ್ದನ್ನು ಅಳಿಸಿದ್ದ. ಅಳಿಸಿದ್ದು ಲ್ಯಾಬಿನಲ್ಲಿ ವಾಪಸು ಸಿಗುತ್ತದೆ ಎಂದು ಸಂಧ್ಯಾರಾಣಿ ಹೇಳಿದಾಗ ಅವನು ಮೊದಲ ಸಲ ಅತ್ತ.

ಜಗಳೂರಿನಲ್ಲಿ ಯಾರು ಎಂದು ಕೇಳಿದಳು. ಅವನು ಹೆಸರು ಹೇಳಿದ. ಸಂಧ್ಯಾರಾಣಿ ಬರೆಯುತ್ತಿದ್ದ ಕೊಟ್ರೇಶನ ಕೈ ಹಿಡಿದು ನಿಲ್ಲಿಸಿದಳು.

*

ರೂಪಶ್ರೀ ಜಗಳೂರಿನ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಳು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಮೇಘಶ್ರೀಯ ಒಡಹುಟ್ಟಿದ ತಂಗಿ.

ಗುರುವಾರ ಸಂಧ್ಯಾರಾಣಿ ಯೂನಿಫಾರ್ಮ್ ಹಾಕಲಿಲ್ಲ. ಜೀಪೂ ಬೇಡವೆಂದು ಬಾಡಿಗೆ ಕಾರು ಮಾಡಿದಳು. ಪಕ್ಕದಲ್ಲಿ ಮೇಘಶ್ರೀ ಕೂತಿದ್ದಳು. ಎಲ್ಲವನ್ನೂ ಚನ್ನಗಿರಿಯಲ್ಲೇ ಹೇಳಿ ಆಗಿತ್ತು. ದಾವಣಗೆರೆ ದಾಟುವವರೆಗೂ ಮೇಘಶ್ರೀ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

"ಒಂದು ಕೇಳ್ಲಾ ಮೇಡಂ?" ಎಂದಳು ಆಮೇಲೆ. "ಶನಿವಾರಾನೇ ಗೊತ್ತಾಗೈತೆ ಅಂದ್ರೆ ಅವತ್ತೇ ಯಾಕೆ ಸ್ಟೇಷನ್ನಿಗೆ ಬರ್ಲಿಲ್ಲ ಅವ್ರು? ಸೋಮವಾರದ ತನಕ ಯಾಕೆ ಕಾದ್ರು? ಆ ನಾಯಿ ಮೇಲೆ ಅಷ್ಟು ಕನಿಕರವಾ?"

"ಸ್ನೇಹಿತ ಅಲ್ವಾಮ್ಮ. ತಾನಾಗೇ ಒಪ್ಕೊಳ್ಳಿ ಅಂತ ಇರ್ಬೋದು."

ಸಂಧ್ಯಾರಾಣಿಗೂ ಆ ಉತ್ತರ ಪೂರ್ತಿ ಎನಿಸಿರಲಿಲ್ಲ. ಆದರೆ ಬೇರೆ ಉತ್ತರ ಇರಲಿಲ್ಲ.

ರೂಪಶ್ರೀ ಬಾಗಿಲು ತೆಗೆದಳು. ಅಕ್ಕನನ್ನು ನೋಡಿದಳು, ಅಕ್ಕನ ಹಿಂದೆ ನಿಂತವಳನ್ನೂ ನೋಡಿದಳು. ಯಾರೆಂದು ಕೇಳಲಿಲ್ಲ. ಬಾವನ ಮಣ್ಣಿಗೆ ಹೋಗಿ ಬಂದಾಗ ಉಟ್ಟಿದ್ದ ಸೀರೆ ಇನ್ನೂ ಕುರ್ಚಿಯ ಮೇಲೇ ಬಿದ್ದಿತ್ತು.

"ನಿನ್ನ ಹೆಸರು ಹೊರಗೆ ಬರಲ್ಲ" ಎಂದಳು ಸಂಧ್ಯಾರಾಣಿ. "ಕಾನೂನು ಹಂಗೈತೆ. ಹೇಳಿಕೆ ನಾನೊಬ್ಬಳೇ ಬರ್ಕೊಳ್ತೀನಿ. ಇವತ್ತೇ ಆಗ್ಬೇಕು ಅಂತಿಲ್ಲ."

"ಇವತ್ತೇ ಬರ್ಕೊಳ್ರಿ."

ರೂಪಶ್ರೀ ನೆಲದ ಮೇಲೆ ಕೂತಳು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಹೋದ ವರ್ಷ ಅಕ್ಕನ ಮನೆಗೆ ಹೋದಾಗ ಫೋನು ಕೆಟ್ಟಿದ್ದು. ನಮ್ಮ ಪ್ರವೀಣನೇ ಐದಾನಲ್ಲ ಎಂದು ಅದನ್ನು ಕೊಟ್ಟು ಕಳಿಸಿದ್ದು. ಆಮೇಲೆ ಬಂದ ಕರೆಗಳು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೂ ಅವಳು ಏಳಲಿಲ್ಲ.

"ಇನ್ನೊಂದೈತೆ" ಎಂದಳು. "ಭಾನುವಾರ ಬೆಳಿಗ್ಗೆ ಬಾವ ಫೋನ್ ಮಾಡಿದ್ರು. ನಂಗೆಲ್ಲಾ ಗೊತ್ತಾತಮ್ಮ, ಹೆದರಬೇಡ, ಈಗ್ಲೇ ಸ್ಟೇಷನ್ನಿಗೆ ಹೋಗ್ತೀನಿ ಅಂದ್ರು. ನಾನೇ ಬೇಡ ಅಂದೆ. ಕಾಲಿಗೆ ಬೀಳ್ತೀನಿ, ಒಂದಿನ ತಡೀರಿ ಅಂದೆ. ಅಕ್ಕಂಗೆ ನಾನೇ ಹೇಳ್ತೀನಿ, ಆಮೇಲೆ ಹೋಗ್ರಿ ಅಂದೆ. ಸರಿ, ಸೋಮವಾರ ಹೋಗ್ತೀನಿ ಅಂದ್ರು."

ಪೆನ್ನು ನಿಂತಿತು.

"ಅವತ್ತು ಅಕ್ಕಂಗೆ ಹೇಳ್ಬೇಕು ಅಂತ ಎಷ್ಟು ಸಲ ಫೋನ್ ತಗೊಂಡೆ. ಮಾಡಾಕೆ ಆಗ್ಲಿಲ್ಲ."

"ಕೊಂದೋನು ಅವ್ನು, ನೀನಲ್ಲಮ್ಮ" ಎಂದಳು ಸಂಧ್ಯಾರಾಣಿ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಎಷ್ಟೋ ಮನೆಗಳಲ್ಲಿ ಹೇಳಿದ್ದಳು. ಯಾರೂ ನಂಬಿದ್ದನ್ನು ಕಂಡಿರಲಿಲ್ಲ.

ಮೇಘಶ್ರೀ ಬಾಗಿಲ ಹತ್ತಿರವೇ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲಿತ್ತು. ತಂಗಿ ತಲೆ ಎತ್ತಲಿಲ್ಲ. ಹೊರಗೆ ಯಾರೋ ಬಿಂದಿಗೆ ಇಳಿಸಿದ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಮೇಘಶ್ರೀ ಚೌಕಟ್ಟು ಬಿಟ್ಟಳು.

"ಊಟ ಮಾಡಿದ್ಯೇನೇ?" ಎಂದಳು.

ರೂಪಶ್ರೀ ಇಲ್ಲವೆಂದು ತಲೆಯಾಡಿಸಿದಳು.

ಮೇಘಶ್ರೀ ಒಳಗೆ ಹೋದಳು. ಅಕ್ಕಿಯ ಡಬ್ಬ ತೆಗೆದ ಸದ್ದು ಕೇಳಿಸಿತು. ಸಂಧ್ಯಾರಾಣಿ ಹಾಳೆ ತಿರುವಿ, ಉಳಿದದ್ದನ್ನು ಬರೆಯತೊಡಗಿದಳು.